ಆ ಮುಖ ನೋಡಿ ನಗಬೇಡಿ!

ನಿಮ್ಮ ಮನೆಯಲ್ಲಿ ಬಿಪಿ ಮಷಿನ್ ಇದೆಯಾ? ಇಲ್ಲದಿದ್ದರೂ ಕ್ಲಿನಿಕ್ಕಿನಲ್ಲಿ ನೋಡಿಯೇ ಇರ್ತೀರಿ. ತೋಳಿಗೆ ಪಟ್ಟಿ ಸುತ್ತುತ್ತಾರೆ, ಗಾಳಿ ತುಂಬುತ್ತಾರೆ, ನಿಧಾನಕ್ಕೆ ಬಿಡ್ತಾರೆ. ನಿಮ್ಮವರು ಯಾರಿಗಾದರೂ ಆಪರೇಷನ್ ಆಗಿದ್ದರೆ, ಒಳಗೆ ಅನಸ್ತೇಶಿಯಾ ಡಾಕ್ಟರು ನಾಡಿ, ಉಸಿರು, ಬಿಪಿ ಎಲ್ಲವನ್ನೂ ಒಂದು ಚಾರ್ಟಿನಲ್ಲಿ ದಾಖಲಿಸುತ್ತಲೇ ಇರುತ್ತಾರೆ. ಇನ್ನು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿ ಮುಖ ಹುಣ್ಣಿಮೆ ಚಂದ್ರನ ಹಾಗೆ ಊದಿಕೊಂಡವರನ್ನು ನೋಡಿದ ಕೂಡಲೇ ಡಾಕ್ಟರು ಒಂದು ಹೆಸರು ಹೇಳ್ತಾರೆ: ಕುಶಿಂಗ್ಸ್.

ಈ ಮೂರಕ್ಕೂ ಒಬ್ಬನೇ ಮನುಷ್ಯನ ನಂಟಿದೆ. ಹೆಸರು ಹಾರ್ವೆ ಕುಶಿಂಗ್. ಅಮೆರಿಕದ ನ್ಯೂರೋಸರ್ಜನ್. ಆತ ವೃತ್ತಿಗೆ ಬಂದಾಗ ನ್ಯೂರೋಸರ್ಜನ್ ಅನ್ನೋ ಪ್ರತ್ಯೇಕ ವೃತ್ತಿಯೇ ಗಟ್ಟಿಯಾಗಿ ನಿಂತಿರಲಿಲ್ಲ. ತಲೆಬುರುಡೆ ತೆರೆದರು ಅಂದ್ರೆ ಮನೆಯವರು ಮುಂದಿನ ಕಾರ್ಯಕ್ಕೆ ಸಿದ್ಧರಾಗಬೇಕು ಅನ್ನುವಂಥ ಕಾಲ. ಅಲ್ಲಿಂದ ಶುರುಮಾಡಿ ಎರಡು ಸಾವಿರಕ್ಕೂ ಹೆಚ್ಚು ಮಿದುಳು ಗಡ್ಡೆಗಳಿಗೆ ಕೈ ಹಾಕಿದ ಮನುಷ್ಯ ಈತ. ಇವತ್ತು ಇವನ ಕಥೆ ಹೇಳೋದಕ್ಕೆ ನನಗೆ ಇನ್ನೊಂದು ಕಾರಣವೂ ಇದೆ. ಆ ಕಾರಣ ನೇರವಾಗಿ ನಮ್ಮ ಮೀಡಿಯಾದವರಿಗೇ ತಟ್ಟುತ್ತೆ. ಅದನ್ನು ಆಮೇಲೆ ಹೇಳ್ತೀನಿ.

ಕುಶಿಂಗ್ ಹುಟ್ಟಿದ್ದು 1869ರಲ್ಲಿ, ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವನು. ಅಪ್ಪ ಡಾಕ್ಟರು, ಅಜ್ಜ ಡಾಕ್ಟರು, ಮುತ್ತಜ್ಜನೂ ಡಾಕ್ಟರು. ಯೇಲ್‌ನಲ್ಲಿ ಪದವಿ ಮುಗಿಸಿ ಹಾರ್ವರ್ಡ್ ಮೆಡಿಕಲ್ ಕಾಲೇಜು ಸೇರಿದ. ಆಗಿನ ಪದ್ಧತಿ ಕೇಳಿದರೆ ನೀವು ಗಾಬರಿಯಾಗ್ತೀರಿ. ಆಪರೇಷನ್ ವೇಳೆ ರೋಗಿಗೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ವಹಿಸ್ತಿದ್ರು. ಹೆಚ್ಚು ತರಬೇತಿಯೂ ಇಲ್ಲ. ಹಾಗೆ ಈಥರ್ ಕೊಡ್ತಾ ಇದ್ದಾಗ ಕುಶಿಂಗ್‌ನ ಕೈಯಲ್ಲೇ ಒಬ್ಬ ರೋಗಿ ಪ್ರಾಣ ಬಿಟ್ಟ. ಹುಡುಗ ಎಷ್ಟು ಕುಸಿದು ಹೋದ ಅಂದ್ರೆ, ಓದನ್ನೇ ಬಿಟ್ಟುಬಿಡುವ ಯೋಚನೆ ಮಾಡಿದ. ಆದರೆ ಬಿಡಲಿಲ್ಲ. ಸಹಪಾಠಿ ಅಮೋರಿ ಕಾಡ್ಮನ್ ಜೊತೆ ಸೇರಿ ಒಂದು ಚಾರ್ಟ್ ತಯಾರಿಸಿದ. ಈಥರ್ ಕೊಡುವಾಗ ನಾಡಿ ಎಷ್ಟು, ಉಸಿರು ಎಷ್ಟು ಅಂತ ಗಳಿಗೆ ಗಳಿಗೆಗೂ ಅದರಲ್ಲಿ ಬರೆಯಬೇಕು. ಅದು 1894ರ ಹೊತ್ತಿನ ಮಾತು. ಇವತ್ತಿನ ಅನಸ್ತೇಶಿಯಾ ರೆಕಾರ್ಡಿಗೆ ಅದೇ ಮೂಲ.

ನಾನು ಇಂಜಿನಿಯರಿಂಗ್ ಓದಿದವನು. ಯಾವುದನ್ನು ಅಳೆಯೋದಿಲ್ಲವೋ ಅದನ್ನು ಸುಧಾರಿಸೋಕಾಗಲ್ಲ ಅಂತ ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ. ಕುಶಿಂಗ್ ಅದನ್ನು ಒಂದು ಸಾವಿನಿಂದ ಕಲಿತ.

ಮುಂದೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ಅಲ್ಲಿ ಗುರು ವಿಲಿಯಂ ಹಾಲ್‌ಸ್ಟೆಡ್. ಈ ಹಾಲ್‌ಸ್ಟೆಡ್ ಶಸ್ತ್ರಚಿಕಿತ್ಸೆಯಲ್ಲಿ ಆತುರಪಡದ ಮನುಷ್ಯ. ಹನಿ ರಕ್ತವೂ ವ್ಯರ್ಥವಾಗಬಾರದು, ಅಂಗಾಂಶವನ್ನು ಹೂವಿನ ಹಾಗೆ ಮುಟ್ಟಬೇಕು ಅನ್ನೋ ಪಂಥ ಅವನದು. ಅಲ್ಲಿಯವರೆಗೆ ಒಳ್ಳೆ ಸರ್ಜನ್ ಅಂದ್ರೆ ಬೇಗ ಮುಗಿಸುವವನು ಅಂತ ಲೆಕ್ಕ. ಕುಶಿಂಗ್ ಗುರುವಿನ ದಾರಿ ಹಿಡಿದ. ಮಿದುಳಿನ ಒಂದೊಂದು ಆಪರೇಷನ್ನಿಗೂ ಗಂಟೆಗಟ್ಟಲೆ ತೆಗೆದುಕೊಳ್ಳುವವನಾದ.

1900ರಲ್ಲಿ ಯೂರೋಪಿಗೆ ಹೋದ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಥಿಯೋಡೋರ್ ಕೋಕರ್ ಎಂಬ ದೊಡ್ಡ ಸರ್ಜನ್ ಇದ್ದ. ಮುಂದೆ ಥೈರಾಯ್ಡ್ ಕೆಲಸಕ್ಕೆ 1909ರಲ್ಲಿ ನೊಬೆಲ್ ಪಡೆದವನು. ಅವನು ಕುಶಿಂಗ್‌ಗೆ ಒಂದು ಪ್ರಶ್ನೆ ಕೊಟ್ಟ: ತಲೆಬುರುಡೆಯ ಒಳಗೆ ಒತ್ತಡ ಹೆಚ್ಚಾದರೆ ಮಿದುಳಿನ ರಕ್ತಸಂಚಾರಕ್ಕೆ ಏನಾಗುತ್ತೆ?

ಸ್ವಲ್ಪ ಯೋಚಿಸಿ. ತಲೆಬುರುಡೆ ಒಂದು ಮುಚ್ಚಿದ ಡಬ್ಬಿ. ಪ್ರೆಷರ್ ಕುಕ್ಕರಿಗಾದ್ರೂ ವಿಷಲ್ ಇದೆ, ಇದಕ್ಕೆ ಅದೂ ಇಲ್ಲ. ಒಳಗೆ ಮಿದುಳು, ರಕ್ತ, ಒಂದಿಷ್ಟು ದ್ರವ. ಗಡ್ಡೆ ಬೆಳೆಯಿತು ಅಥವಾ ರಕ್ತಸ್ರಾವ ಆಯಿತು ಅಂದ್ರೆ ಹಿಗ್ಗೋಕೆ ಜಾಗ ಇಲ್ಲ. ಒಳಗಿನ ಒತ್ತಡ ಏರಿ ರಕ್ತನಾಳಗಳನ್ನೇ ಅಮುಕುತ್ತೆ. ಆಗ ಮಿದುಳಿಗೆ ರಕ್ತ ಏರಬೇಕಲ್ಲ, ಹೇಗೆ? ಕುಶಿಂಗ್ ನಾಯಿಗಳ ತಲೆಬುರುಡೆಯಲ್ಲಿ ಪುಟ್ಟ ಗಾಜಿನ ಕಿಟಕಿ ಕೂರಿಸಿ, ಒಳಗಿನ ಒತ್ತಡ ಏರಿಸ್ತಾ, ಮಿದುಳಿನ ಮೇಲಿನ ರಕ್ತನಾಳಗಳು ಬಿಳಿಚಿಕೊಳ್ಳೋದನ್ನು ಕಣ್ಣಾರೆ ನೋಡಿದ. ಕಂಡದ್ದು ಒಂದು ಅದ್ಭುತ. ತಲೆಯೊಳಗಿನ ಒತ್ತಡ ರಕ್ತದೊತ್ತಡವನ್ನು ಮೀರೋಕೆ ಹೋದಾಗ, ಮಿದುಳಿನ ಬುಡದಲ್ಲಿರುವ ಕೇಂದ್ರ ದೇಹದ ರಕ್ತದೊತ್ತಡವನ್ನು ಅದಕ್ಕಿಂತಲೂ ಮೇಲಕ್ಕೆ ಏರಿಸುತ್ತೆ. ಒಳಗಿನ ಒತ್ತಡ ಇನ್ನೂ ಏರಿಸಿದರೆ ಇದೂ ಇನ್ನೂ ಏರುತ್ತೆ. ನಮ್ಮ ಭಾಷೆಯಲ್ಲಿ ಇದು ಫೀಡ್‌ಬ್ಯಾಕ್ ಕಂಟ್ರೋಲ್. ಮಿದುಳು ಪ್ರಾಣ ಉಳಿಸಿಕೊಳ್ಳೋಕೆ ನಡೆಸುವ ಕೊನೆಯ ಹೋರಾಟ. ಇವತ್ತಿಗೂ ತಲೆಗೆ ಪೆಟ್ಟು ಬಿದ್ದವರನ್ನು ಎಮರ್ಜೆನ್ಸಿಗೆ ತಂದಾಗ ಬಿಪಿ ಏರುತ್ತಾ, ನಾಡಿ ನಿಧಾನವಾಗುತ್ತಾ, ಉಸಿರು ತಾಳ ತಪ್ಪುತ್ತಾ ಇದ್ದರೆ ಡಾಕ್ಟರುಗಳು ಓಡಾಡೋಕೆ ಶುರು ಮಾಡ್ತಾರೆ. ಅದಕ್ಕೆ ಕುಶಿಂಗ್ ರಿಫ್ಲೆಕ್ಸ್ ಅಂತಲೇ ಹೆಸರು.

ಅದೇ ಪ್ರವಾಸದಲ್ಲಿ, 1901ರಲ್ಲಿ ಇಟಲಿಯ ಪಾವಿಯಾ ಊರಿನ ಆಸ್ಪತ್ರೆಯಲ್ಲಿ ಆತನ ಕಣ್ಣಿಗೆ ಬಿದ್ದದ್ದು ತೋಳಿಗೆ ಕಟ್ಟುವ ಆ ಪಟ್ಟಿ. ಕಂಡುಹಿಡಿದವನು ರಿವಾ-ರೊಚ್ಚಿ. ಕುಶಿಂಗ್ ಒಂದನ್ನು ಬಾಲ್ಟಿಮೋರ್‌ಗೆ ತಂದ, ಆಪರೇಷನ್ ಥಿಯೇಟರಿನಲ್ಲಿ ಬಳಸಿದ. ಬಾಸ್ಟನ್ನಿನ ಹಿರಿಯ ವೈದ್ಯರು ಏನಂದ್ರು ಗೊತ್ತಾ? ಪರಿಶೀಲನೆ ನಡೆಸಿ, ಇದನ್ನು ದಿನನಿತ್ಯ ಬಳಸುವ ಅಗತ್ಯ ಸದ್ಯಕ್ಕೆ ಕಾಣಲ್ಲ ಅಂದುಬಿಟ್ಟರು! ನಾಡಿ ಹಿಡಿದು ನೋಡೋಕೆ ನಮ್ಮ ಬೆರಳು ಇದೆಯಲ್ಲ ಅನ್ನೋ ಧೋರಣೆ. ಹೊಸದು ಬಂದಾಗ ಎಲ್ಲ ದೇಶದಲ್ಲೂ ದೊಡ್ಡವರು ಆಡುವ ಮಾತು ಒಂದೇ ಇರುತ್ತೆ ನೋಡಿ.

ಈಗ ಪಿಟ್ಯುಟರಿಗೆ ಬರೋಣ. ಮೂಗಿನ ಹಿಂದೆ, ಮಿದುಳಿನ ತಳದಲ್ಲಿ, ಮೂಳೆಯ ಪುಟ್ಟ ಗುಳಿಯೊಳಗೆ ಕೂತಿರುವ ಗ್ರಂಥಿ. ಗಾತ್ರ ಬಟಾಣಿ ಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ಶತಮಾನಗಳ ಕಾಲ ಇದರ ಕೆಲಸ ಏನು ಅಂತಲೇ ಯಾರಿಗೂ ಗೊತ್ತಿರಲಿಲ್ಲ. 1886ರಲ್ಲಿ ಫ್ರಾನ್ಸಿನ ಪಿಯರ್ ಮರಿ ಎಂಬ ವೈದ್ಯ ಒಂದು ರೋಗಕ್ಕೆ ಆಕ್ರೋಮೆಗಲಿ ಅಂತ ಹೆಸರಿಟ್ಟ. ವಯಸ್ಸಿಗೆ ಬಂದ ಮೇಲೆ ಕೈ, ಕಾಲು, ದವಡೆ, ಮೂಗು ನಿಧಾನಕ್ಕೆ ದೊಡ್ಡದಾಗುತ್ತಾ ಹೋಗುವ ಕಾಯಿಲೆ. ಅಂಥವರ ಪಿಟ್ಯುಟರಿಯಲ್ಲಿ ಗಡ್ಡೆ ಕಾಣ್ತಿತ್ತು. ಆದರೆ ಗಡ್ಡೆ ಕಾಯಿಲೆಗೆ ಕಾರಣವೋ, ಕಾಯಿಲೆಯ ಫಲವೋ? ಗ್ರಂಥಿ ಹೆಚ್ಚು ಕೆಲಸ ಮಾಡ್ತಿದೆಯೋ, ಕಡಿಮೆಯೋ? ವಾದ ಮುಗಿದಿರಲಿಲ್ಲ.

ಕುಶಿಂಗ್ ಮತ್ತು ಅವನ ಶಿಷ್ಯರು ಹಾಪ್ಕಿನ್ಸ್‌ನ ಹಂಟೇರಿಯನ್ ಲ್ಯಾಬಿನಲ್ಲಿ ನಾಯಿಗಳ ಪಿಟ್ಯುಟರಿಯನ್ನು ತೆಗೆದು ನೋಡಿದರು. ಒಂದಿಷ್ಟು ಭಾಗ ತೆಗೆದ ಮರಿಗಳು ಬೆಳೆಯೋದೇ ನಿಂತವು, ಬೊಜ್ಜು ಬಂತು, ಲೈಂಗಿಕ ಬೆಳವಣಿಗೆ ಆಗಲಿಲ್ಲ. ಅಂದ್ರೆ ಗ್ರಂಥಿ ಕಡಿಮೆಯಾದರೆ ಹೀಗೆ. ಹಾಗಾದ್ರೆ ಹೆಚ್ಚಾದರೆ? 1909ರಲ್ಲಿ ಕುಶಿಂಗ್ ಆಕ್ರೋಮೆಗಲಿಯ ಒಬ್ಬ ರೈತನಿಗೆ ಆಪರೇಷನ್ ಮಾಡಿ ಗ್ರಂಥಿಯ ಒಂದು ಭಾಗ ತೆಗೆದ. ರೋಗಿ ಬದುಕಿದ, ಲಕ್ಷಣಗಳು ಇಳಿದವು. ದಾರಿ ಕಂಡಿತು.

ಅದೇ 1909ರಲ್ಲಿ ಲಂಡನ್ನಿನ ಮ್ಯೂಸಿಯಂನಲ್ಲಿ ಇನ್ನೊಂದು ಘಟನೆ. ಅಲ್ಲಿ ಚಾರ್ಲ್ಸ್ ಬರ್ನ್ ಎಂಬ ಐರಿಷ್ ದೈತ್ಯನ ಅಸ್ಥಿಪಂಜರ ಇತ್ತು. ಎತ್ತರ ಸುಮಾರು 7 ಅಡಿ 7 ಇಂಚು. ಜನರಿಗೆ ತನ್ನನ್ನೇ ಪ್ರದರ್ಶನಕ್ಕಿಟ್ಟು ಹೊಟ್ಟೆ ಹೊರೆದು, 22ನೇ ವಯಸ್ಸಿಗೆ, 1783ರಲ್ಲಿ ಸತ್ತವನು. ಸತ್ತ ಮೇಲಾದರೂ ವೈದ್ಯರ ಕೈಗೆ ಸಿಗಬಾರದು, ಸಮುದ್ರಕ್ಕೆ ಹಾಕಿ ಅಂತ ಬೇಡಿಕೊಂಡಿದ್ದ. ಆದರೆ ಜಾನ್ ಹಂಟರ್ ಎಂಬ ಪ್ರಸಿದ್ಧ ಸರ್ಜನ್ ಹಣ ಕೊಟ್ಟು ಶವ ದಕ್ಕಿಸಿಕೊಂಡ. ಕುಶಿಂಗ್, ಮ್ಯೂಸಿಯಂನ ಆರ್ಥರ್ ಕೀತ್ ಜೊತೆ ಸೇರಿ ಆ ತಲೆಬುರುಡೆ ತೆರೆಸಿ ನೋಡಿದ. ಪಿಟ್ಯುಟರಿ ಕೂರುವ ಗುಳಿ ದೊಡ್ಡದಾಗಿ ಅಗಲಿಸಿತ್ತು! 126 ವರ್ಷದ ನಂತರ ದೈತ್ಯನ ಗುಟ್ಟು ರಟ್ಟಾಯಿತು. ಅವನು ದೈತ್ಯನೂ ಅಲ್ಲ, ವಿಚಿತ್ರ ಪ್ರಾಣಿಯೂ ಅಲ್ಲ. ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗ. 2011ರಲ್ಲಿ ಅವನ ಹಲ್ಲಿನ ಡಿಎನ್ಎ ಪರೀಕ್ಷಿಸಿದಾಗ ಸಿಕ್ಕ ಜೀನ್ ದೋಷ, ಈಗ ಉತ್ತರ ಐರ್ಲೆಂಡಿನಲ್ಲಿ ಬದುಕಿರುವ ಕೆಲವು ಕುಟುಂಬಗಳಲ್ಲೂ ಇದೆ. 2023ರಲ್ಲಿ ಆ ಮ್ಯೂಸಿಯಂ ದುರಸ್ತಿ ಮುಗಿದು ಮತ್ತೆ ತೆರೆದಾಗ ಬರ್ನ್‌ನ ಅಸ್ಥಿಪಂಜರವನ್ನು ಪ್ರದರ್ಶನದಿಂದ ತೆಗೆದಿದ್ದರು. ಸಮುದ್ರ ಮಾತ್ರ ಇನ್ನೂ ಸಿಕ್ಕಿಲ್ಲ.

ಇಲ್ಲಿ ಕುಶಿಂಗ್‌ನನ್ನೂ ಬಿಟ್ಟುಕೊಡೋದು ಬೇಡ. ವಿಲಿಯಂ ಶಾರ್ಪ್ ಎಂಬ ಶಿಷ್ಯ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ: ಅಮೆರಿಕದಲ್ಲಿ ಒಬ್ಬ ದೈತ್ಯ ಸತ್ತಾಗ ಅವನ ಪಿಟ್ಯುಟರಿ ತರೋಕೆ ಕುಶಿಂಗ್ ಶಿಷ್ಯರನ್ನು ಕಳಿಸಿದ್ದನಂತೆ. ಮನೆಯವರು ಒಪ್ಪಲಿಲ್ಲ, ಅಂತ್ಯಕ್ರಿಯೆ ನಡೆಸುವವನ ಕೈ ಬೆಚ್ಚಗೆ ಮಾಡಿ ಕೆಲಸ ಮುಗಿಸಿದರಂತೆ. ವಿಜ್ಞಾನದ ಹಸಿವು ಅಂತ ಹೇಳಿ ಇದನ್ನು ಮುಚ್ಚಿಹಾಕೋಕಾಗಲ್ಲ. ಆ ಮನೆಯವರ ‘ಬೇಡ’ ಅನ್ನೋ ಮಾತಿಗೆ ಬೆಲೆ ಇರಬೇಕಿತ್ತು.

1912ರಲ್ಲಿ ಪಿಟ್ಯುಟರಿ ಗ್ರಂಥಿ ಮತ್ತು ಅದರ ಕಾಯಿಲೆಗಳ ಬಗ್ಗೆ ಕುಶಿಂಗ್‌ನ ಪುಸ್ತಕ ಬಂತು. ಅದೇ ವರ್ಷ ಆತ ಬಾಸ್ಟನ್ನಿಗೆ, ಹಾರ್ವರ್ಡ್‌ಗೆ ಸೇರಿದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಗೆ ಹೋದ. ಪುಸ್ತಕದಲ್ಲಿ 23ರ ಒಬ್ಬ ಯುವತಿಯ ವಿವರ ಇದೆ. ರಷ್ಯಾದಿಂದ ಬಂದವಳು. ಮುಖ, ಹೊಟ್ಟೆ ದಪ್ಪ, ಕೈಕಾಲು ಸಣ್ಣ. ಮುಖದಲ್ಲಿ ಕೂದಲು, ಹೊಟ್ಟೆಯ ಚರ್ಮದಲ್ಲಿ ನೇರಳೆ ಗೆರೆಗಳು, ಬಿಪಿ ಜಾಸ್ತಿ, ಮುಟ್ಟು ನಿಂತುಹೋಗಿದೆ. ಇದು ಯಾವ ಗ್ರಂಥಿಯ ತಪ್ಪು? ಪಿಟ್ಯುಟರಿಯೋ, ಕಿಡ್ನಿಯ ಮೇಲಿರುವ ಅಡ್ರಿನಲ್ಲೋ? ಆಗ ಆತನಿಗೆ ಉತ್ತರ ಸಿಗಲಿಲ್ಲ. ಹಲವು ಗ್ರಂಥಿಗಳ ಕಾಯಿಲೆ ಅಂತ ಬರೆದು ಬಿಟ್ಟ. ಆದರೆ ಮರೆಯಲಿಲ್ಲ. ಇಪ್ಪತ್ತು ವರ್ಷ ಅಂಥದ್ದೇ ಕೇಸುಗಳನ್ನು ಕೂಡಿಸುತ್ತಾ ಹೋದ. 1932ರಲ್ಲಿ 12 ರೋಗಿಗಳ ವಿವರ ಇಟ್ಟು ಹೇಳಿದ: ಪಿಟ್ಯುಟರಿಯ ಒಂದು ಬಗೆಯ ಜೀವಕೋಶಗಳಲ್ಲಿ ಹುಟ್ಟುವ ಪುಟ್ಟ ಗಡ್ಡೆಯೇ ಇದಕ್ಕೆ ಕಾರಣ. ಹಲವರು ಒಪ್ಪಲಿಲ್ಲ, ಅಡ್ರಿನಲ್ ಅಂತಲೇ ವಾದಿಸಿದರು. ಕೊನೆಗೆ ಇಬ್ಬರ ಮಾತಿನಲ್ಲೂ ನಿಜ ಇತ್ತು. ಪಿಟ್ಯುಟರಿ ಆರ್ಡರ್ ಕೊಡುತ್ತೆ, ಅಡ್ರಿನಲ್ ಕಾರ್ಟಿಸಾಲ್ ಸುರಿಸುತ್ತೆ. ಆರ್ಡರ್ ಕೊಡುವವನು ಕೆಟ್ಟರೆ ಕೆಲಸ ಮಾಡುವವನೂ ಕೆಡ್ತಾನೆ. ಇದನ್ನು ಅರ್ಥ ಮಾಡಿಕೊಳ್ಳೋಕೆ ಎಂಡೋಕ್ರೈನಾಲಜಿ ಬೇಡ, ಸರ್ಕಾರಿ ಕಚೇರಿಗೆ ಒಮ್ಮೆ ಹೋಗಿಬಂದವರಿಗೆ ಸಾಕು.

ಆಪರೇಷನ್ ಮಾಡುವ ದಾರಿಯೂ ಕುತೂಹಲದ್ದೇ. ತಲೆ ತೆರೆಯದೆ, ಮೇಲ್ದುಟಿಯ ಒಳಗೆ ಕೊಯ್ದು ಮೂಗಿನ ಮೂಲಕ ಪಿಟ್ಯುಟರಿಗೆ ಹೋಗೋದು. 1910ರಿಂದ 1925ರವರೆಗೆ ಕುಶಿಂಗ್ ಹೀಗೆ 231 ಗಡ್ಡೆಗಳಿಗೆ ಆಪರೇಷನ್ ಮಾಡಿದ, ಸಾವಿನ ಪ್ರಮಾಣ ಶೇಕಡಾ 5.6. ಪೆನ್ಸಿಲಿನ್ ಇಲ್ಲದ, ಸ್ಕ್ಯಾನ್ ಇಲ್ಲದ ಕಾಲದಲ್ಲಿ! ಆಮೇಲೆ ತಾನೇ ಆ ದಾರಿ ಬಿಟ್ಟು ತಲೆಬುರುಡೆಯ ಕಡೆಯಿಂದ ಹೋಗೋಕೆ ಶುರುಮಾಡಿದ. ಅವನು ಬಿಟ್ಟ ಅಂತ ಜಗತ್ತೂ ಬಿಟ್ಟಿತು. ಎಡಿನ್‌ಬರೊದ ನಾರ್ಮನ್ ಡಾಟ್ ಎಂಬ ಶಿಷ್ಯ ಮಾತ್ರ ಬಿಡಲಿಲ್ಲ. ಅವನಿಂದ ಪ್ಯಾರಿಸ್‌ನ ಗಿಯೋ ಕಲಿತ, ಅವನಿಂದ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಕಲಿತು 1960ರ ದಶಕದಲ್ಲಿ ಮೈಕ್ರೋಸ್ಕೋಪ್ ಜೋಡಿಸಿದ. ಇವತ್ತು ಬೆಂಗಳೂರಿನ ಆಸ್ಪತ್ರೆಗಳಲ್ಲೂ ಪಿಟ್ಯುಟರಿ ಗಡ್ಡೆಯನ್ನು ಮೂಗಿನ ಮೂಲಕವೇ ತೆಗೀತಾರೆ. ಗುರು ಕೈಬಿಟ್ಟ ದಾರಿಯನ್ನು ಒಬ್ಬ ಶಿಷ್ಯ ಉಳಿಸಿಕೊಂಡಿದ್ದರ ಫಲ ಅದು.

ಇನ್ನು ರಕ್ತನಾಳಗಳು. ಮಿದುಳಿನ ಆಪರೇಷನ್ನಿನಲ್ಲಿ ದೊಡ್ಡ ಶತ್ರು ಯಾರು? ರಕ್ತ. ಕೈಯಲ್ಲಿ ರಕ್ತ ಬಂದರೆ ಅಮುಕಿ ಹಿಡೀತೀವಿ, ದಾರ ಕಟ್ಟುತ್ತೀವಿ. ಮಿದುಳನ್ನು ಅಮುಕೋಕಾಗುತ್ತಾ? ಆಳದಲ್ಲಿ ದಾರ ಕಟ್ಟೋಕೆ ಬೆರಳು ಹೋಗುತ್ತಾ? 1911ರಲ್ಲಿ ಕುಶಿಂಗ್ ಬೆಳ್ಳಿ ತಂತಿಯನ್ನು ಬಗ್ಗಿಸಿ ಪುಟ್ಟ ಕ್ಲಿಪ್ ಮಾಡಿದ. ರಕ್ತನಾಳಕ್ಕೆ ಅದನ್ನು ಕಚ್ಚಿಸಿ ಬಿಟ್ಟರೆ ಆಯಿತು. 1926ರ ಅಕ್ಟೋಬರ್ 1ರಂದು ಇನ್ನೊಂದು ಹೆಜ್ಜೆ. ವಿಲಿಯಂ ಬೋವಿ ಎಂಬ ವಿಜ್ಞಾನಿ ಹೈ ಫ್ರೀಕ್ವೆನ್ಸಿ ವಿದ್ಯುತ್ತಿನಿಂದ ಅಂಗಾಂಶವನ್ನು ಕೊಯ್ಯುವ, ರಕ್ತ ನಿಲ್ಲಿಸುವ ಯಂತ್ರ ಮಾಡಿದ್ದ. ಅತಿಯಾದ ರಕ್ತಸ್ರಾವದಿಂದ ಕೆಲವೇ ದಿನದ ಹಿಂದೆ ಅರ್ಧಕ್ಕೆ ನಿಲ್ಲಿಸಿದ್ದ ಆಪರೇಷನ್ನನ್ನು ಕುಶಿಂಗ್ ಆ ಯಂತ್ರ ಇಟ್ಟುಕೊಂಡು ಪೂರ್ತಿ ಮಾಡಿದ. ಹಿಂದೆ ‘ಸಾಧ್ಯವಿಲ್ಲ’ ಅಂತ ವಾಪಸ್ ಕಳಿಸಿದ್ದ ರೋಗಿಗಳನ್ನು ಮತ್ತೆ ಕರೆಸಿಕೊಂಡ. ಬೀದರಿನಿಂದ ಚಾಮರಾಜನಗರದವರೆಗೆ ಆಪರೇಷನ್ ಥಿಯೇಟರುಗಳಲ್ಲಿ ‘ಕಾಟರಿ ಕೊಡಿ’ ಅಂತ ಸರ್ಜನ್ ಕೇಳ್ತಾರಲ್ಲ, ಆ ಯಂತ್ರದ ವಂಶ ಅದೇ.

1928ರಲ್ಲಿ ಪರ್ಸಿವಲ್ ಬೇಲಿ ಜೊತೆ ಸೇರಿ ಮಿದುಳಿನ ರಕ್ತನಾಳಗಳಿಂದ ಹುಟ್ಟುವ ಗಡ್ಡೆಗಳ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಎರಡನ್ನು ಬೇರ್ಪಡಿಸಿದರು. ಒಂದು, ಹುಟ್ಟಿನಿಂದಲೇ ಗೋಜಲಾದ ರಕ್ತನಾಳಗಳ ಗಂಟು. ಇನ್ನೊಂದು, ನಿಜವಾಗಿಯೂ ಬೆಳೆಯುವ ಗಡ್ಡೆ. ಎರಡನೆಯದನ್ನು ತೆಗೆದರೆ ರೋಗಿ ಗುಣವಾಗ್ತಾನೆ. ಮೊದಲನೆಯದಕ್ಕೆ ಆಗಿನ ಕಾಲದಲ್ಲಿ ಕೈ ಹಾಕಿದರೆ ಸಾವೇ ಗತಿ. ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟದೆ ತಲೆ ಮುಚ್ಚಬೇಕು ಅನ್ನೋ ವಿವೇಕ ಇದೆಯಲ್ಲ, ಕತ್ತರಿ ಹಿಡಿದವನಿಗೆ ಅದು ಎಲ್ಲಕ್ಕಿಂತ ಕಷ್ಟ. ಮುಂದೆ 1937ರಲ್ಲಿ ಮಿದುಳಿನ ರಕ್ತನಾಳದ ಗುಳ್ಳೆಯ ಕುತ್ತಿಗೆಗೆ ಬೆಳ್ಳಿ ಕ್ಲಿಪ್ ಹಾಕಿ ರೋಗಿಯನ್ನು ಮೊದಲು ಉಳಿಸಿದವನು ವಾಲ್ಟರ್ ಡ್ಯಾಂಡಿ. ಹಾಪ್ಕಿನ್ಸ್‌ನಲ್ಲಿ ಕುಶಿಂಗ್‌ನ ಕೈಕೆಳಗೇ ದುಡಿದವನು. ಇಬ್ಬರಿಗೂ ಜೀವಮಾನವಿಡೀ ಹಾವು ಮುಂಗುಸಿ. ಮನಸ್ಸು ಕೂಡಲಿಲ್ಲ, ಕ್ಲಿಪ್ ಮಾತ್ರ ಕೂಡಿತು.

ಇಷ್ಟೆಲ್ಲ ಹೇಳಿದ ಮೇಲೆ ಕುಶಿಂಗ್ ದೇವರಂಥ ಮನುಷ್ಯ ಅಂದ್ಕೊಬೇಡಿ. ಸಿಡುಕ. ಸಹಾಯಕರನ್ನು ಮಾತಿನಲ್ಲೇ ಸಿಗೀತಿದ್ದ. ಮನೆಗೆ ಸಮಯ ಕೊಟ್ಟವನಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದ ಹಿಂದೆ ನಿಂತು, ತಲೆಗೆ ಗುಂಡು ಹೊಕ್ಕ ಸೈನಿಕರಿಗೆ ಆಪರೇಷನ್ ಮಾಡಿದ. ಮೂರೇ ತಿಂಗಳಲ್ಲಿ ಸಾವಿನ ಪ್ರಮಾಣವನ್ನು ಶೇಕಡಾ 54ರಿಂದ 29ರ ಆಸುಪಾಸಿಗೆ ಇಳಿಸಿದ. ಅಲ್ಲೇ ಬಂದ ಕಾಯಿಲೆಯಿಂದ ಅವನ ಕಾಲುಗಳ ಬಲ ಹೋಯಿತು. 1926ರಲ್ಲಿ, ಗುರುಸಮಾನನಾದ ವಿಲಿಯಂ ಆಸ್ಲರ್‌ನ ಜೀವನಚರಿತ್ರೆಗೆ ಪುಲಿಟ್ಜರ್ ಬಹುಮಾನ ಬಂತು. ಅದೇ ವರ್ಷ ಜೂನ್‌ನಲ್ಲಿ ಹಿರಿಯ ಮಗ ವಿಲಿಯಂ ಕಾರು ಅಪಘಾತದಲ್ಲಿ ಸತ್ತ ಅಂತ ಫೋನ್ ಬಂತು. ಕುಶಿಂಗ್ ಹೆಂಡತಿಗೆ ಸುದ್ದಿ ತಿಳಿಸಿದ, ಅಂದು ನಿಗದಿಯಾಗಿದ್ದ ಆಪರೇಷನ್ ಮುಗಿಸಿದ. ಕರ್ತವ್ಯ ಅಂತೀರೋ, ಕಲ್ಲು ಹೃದಯ ಅಂತೀರೋ, ತೀರ್ಪು ನಿಮ್ಮದು. ನನಗೆ ಮಾತ್ರ ಆ ಮನೆಯಲ್ಲಿ ಒಬ್ಬಳೇ ಕೂತ ತಾಯಿಯ ನೆನಪೇ ಮೊದಲು ಬರುತ್ತೆ.

ಈಗ ಆ ಕಾರಣಕ್ಕೆ ಬರ್ತೀನಿ. 1927ರಲ್ಲಿ ‘ಟೈಮ್’ ಪತ್ರಿಕೆ ಒಬ್ಬ ಹೆಂಗಸಿನ ಫೋಟೋ ಹಾಕಿ ಕುಹಕದ ಮಾತು ಬರೆದಿತ್ತು. ಆಕೆ ಮೇರಿ ಆನ್ ಬೆವನ್. ಲಂಡನ್ನಿನಲ್ಲಿ ನರ್ಸ್ ಆಗಿದ್ದವಳು, ನಾಲ್ಕು ಮಕ್ಕಳ ತಾಯಿ. ಮದುವೆಯಾದ ಮೇಲೆ ಆಕ್ರೋಮೆಗಲಿ ಶುರುವಾಗಿ ಮುಖ, ಕೈ ವಿಕಾರವಾಗ್ತಾ ಹೋಯಿತು. 1914ರಲ್ಲಿ ಗಂಡ ತೀರಿಹೋದ. ಮಕ್ಕಳ ಹೊಟ್ಟೆ ತುಂಬಬೇಕಲ್ಲ? ಕುರೂಪಿ ಹೆಂಗಸಿನ ಸ್ಪರ್ಧೆಗೆ ಹೋದಳು, ಗೆದ್ದಳು. ಅಮೆರಿಕದ ಕೋನಿ ಐಲೆಂಡ್‌ನಲ್ಲಿ ‘ಜಗತ್ತಿನ ಅತಿ ಕುರೂಪಿ ಹೆಂಗಸು’ ಅನ್ನೋ ಬೋರ್ಡಿನ ಕೆಳಗೆ ಕೂತಳು. ಜನ ದುಡ್ಡು ಕೊಟ್ಟು ಬಂದು ನಕ್ಕು ಹೋದರು.

ಆ ಫೋಟೋ ನೋಡಿ ಕುಶಿಂಗ್ ಪೆನ್ನು ಹಿಡಿದ. ಸಂಪಾದಕರಿಗೆ ಪತ್ರ ಬರೆದ. ಇದು ಕಾಯಿಲೆ, ಇದರ ಹೆಸರು ಆಕ್ರೋಮೆಗಲಿ, ಈ ಹೆಣ್ಣಿನ ಬದುಕಿನ ಹಿಂದಿನ ಕಥೆ ಇಂಥದ್ದು, ಕಾಯಿಲೆಯ ದುರಂತವನ್ನು ತಮಾಷೆ ಮಾಡೋದು ವೈದ್ಯನಾದ ನನಗೆ ಸಹಿಸಲಾಗಲ್ಲ ಅನ್ನೋದು ಅದರ ಸಾರ. ದೊಡ್ಡ ಸರ್ಜನ್, ದಿನಕ್ಕೆ ಗಂಟೆಗಟ್ಟಲೆ ಆಪರೇಷನ್ ಮಾಡುವವನು, ಒಂದು ಪತ್ರಿಕೆಯ ಒಂದು ಫೋಟೋಗಾಗಿ ಕೂತು ಬರೆದ. ಬೆವನ್ 1933ರಲ್ಲಿ ತೀರಿಕೊಂಡಳು. ಆದರೆ ಈ ಶತಮಾನದಲ್ಲೂ ಬ್ರಿಟನ್ನಿನ ಅಂಗಡಿಗಳಲ್ಲಿ ಅವಳ ಫೋಟೋ ಹುಟ್ಟುಹಬ್ಬದ ತಮಾಷೆ ಕಾರ್ಡಿನ ಮೇಲೆ ಬಂತು. ಡಚ್ ವೈದ್ಯರೊಬ್ಬರು ಆಕ್ಷೇಪಿಸಿದ ಮೇಲೆ ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡರು.

ಈಗ ಹೇಳಿ, ನಾವು ಬದಲಾಗಿದ್ದೀವಾ? ವಿಪರೀತ ಎತ್ತರದವನನ್ನು, ಬೆಳೆಯದೇ ಉಳಿದವನನ್ನು, ಮೀಸೆ ಬಂದ ಹುಡುಗಿಯನ್ನು ‘ಅಚ್ಚರಿ ಆದರೂ ನಿಜ’ ಅಂತ ಹಿನ್ನೆಲೆ ಸಂಗೀತ ಹಾಕಿ ತೋರಿಸೋದು ಯಾರು? ನಮ್ಮ ವೃತ್ತಿಯವರೇ. ಹತ್ತು ಸೆಕೆಂಡಿನ ರೀಲ್ಸ್ ಮಾಡಿ ಹಂಚೋದು ಯಾರು? ನೀವೇ. ಕಾಮಿಡಿ ಶೋಗಳಲ್ಲಿ ದಪ್ಪ ಮುಖದ ಮೇಲೆ ಜೋಕು, ಮೂಗಿನ ಮೇಲೆ ಜೋಕು, ಅದಕ್ಕೆ ಚಪ್ಪಾಳೆ. ಆ ಮುಖದ ಹಿಂದೆ ಬಟಾಣಿ ಗಾತ್ರದ ಒಂದು ಗಡ್ಡೆ ಇದ್ದಿರಬಹುದು, ಆಪರೇಷನ್ ಮಾಡಿದರೆ ಆ ಜೀವ ಉಳಿಯಬಹುದು ಅನ್ನೋ ಯೋಚನೆ ಎಷ್ಟು ಜನಕ್ಕೆ ಬರುತ್ತೆ? ಕುಶಿಂಗ್‌ನ ಅತಿ ದೊಡ್ಡ ಕೆಲಸ ಯಾವುದು ಅಂತ ಕೇಳಿದರೆ ನಾನು ಕ್ಲಿಪ್ಪನ್ನಾಗಲಿ ಪುಸ್ತಕವನ್ನಾಗಲಿ ಹೇಳಲ್ಲ. ಜನ ‘ರಾಕ್ಷಸ’, ‘ಕುರೂಪಿ’ ಅಂತ ಕರೆದವರಿಗೆ ಆತ ‘ರೋಗಿ’ ಅನ್ನೋ ಹೆಸರು ಕೊಟ್ಟ. ರಾಕ್ಷಸನಿಗೆ ಔಷಧಿ ಇಲ್ಲ, ರೋಗಿಗೆ ಇದೆ.

1939ರ ಅಕ್ಟೋಬರ್ 7ರಂದು ಕುಶಿಂಗ್ ಹೃದಯಾಘಾತದಿಂದ ತೀರಿಕೊಂಡ. ನೊಬೆಲ್‌ಗೆ ಹಲವು ಸಲ ಹೆಸರು ಹೋಗಿತ್ತು, ಬರಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಅವನ ಮಿದುಳಿನೊಳಗೇ ಒಂದು ಪುಟ್ಟ ಗಂಟು ಸಿಕ್ಕಿತು! ಆತ ಕೂಡಿಟ್ಟಿದ್ದ ಮಿದುಳು, ಗಡ್ಡೆಗಳ ಜಾಡಿಗಳು, ರೋಗಿಗಳ ಸಾವಿರಾರು ಫೋಟೋಗಳು ಯೇಲ್ ವಿದ್ಯಾರ್ಥಿಗಳ ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಧೂಳು ತಿಂದವು. 2010ರಲ್ಲಿ ಅವಕ್ಕೊಂದು ಗೌರವದ ಜಾಗ ಸಿಕ್ಕಿತು. ಅಷ್ಟು ದೂರ ಹೋಗೋಕೆ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಜನ ನೋಡಬಹುದಾದ ಮಿದುಳಿನ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

ಕೊನೆಗೆ ಎರಡು ಮಾತು, ಉಪಯೋಗಕ್ಕೆ ಬರೋದು. ಮನೆಯಲ್ಲಿ ಯಾರಿಗಾದರೂ ಉಂಗುರ ಬಿಗಿಯಾಗ್ತಾ, ಚಪ್ಪಲಿ ಸೈಜು ಏರುತ್ತಾ, ದವಡೆ ಮುಂದೆ ಬರ್ತಾ ಇದ್ದರೆ ‘ವಯಸ್ಸಾಯ್ತು’ ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಮಂಡಿ ನೋವಿಗೆ, ಉಬ್ಬಸಕ್ಕೆ ಅಂತ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಮಾತ್ರೆಯಿಂದ ಎರಡೇ ದಿನದಲ್ಲಿ ಪವಾಡ ಆಗಿ, ಎರಡು ತಿಂಗಳಲ್ಲಿ ಮುಖ ಗುಂಡಗಾದರೆ ಅದರಲ್ಲಿ ಸ್ಟೀರಾಯ್ಡ್ ಇದೆಯಾ ಅಂತ ಕೇಳಿ. ಹಾಗಂತ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡನ್ನು ನೀವಾಗಿಯೇ ದಿಢೀರ್ ನಿಲ್ಲಿಸೋದೂ ಅಪಾಯ, ಅವರನ್ನು ಕೇಳಿಯೇ ಇಳಿಸಿ. ಇನ್ನು ನಮ್ಮ ಕ್ಯಾಮೆರಾ ಹಿಡಿದ ಮಿತ್ರರಿಗೆ ಒಂದೇ ಕೋರಿಕೆ: ಮುಖ ತೋರಿಸುವ ಮೊದಲು, ಆ ಮುಖದವರ ಹೆಸರು ಕೇಳಿ, ಕಥೆ ಕೇಳಿ, ಒಪ್ಪಿಗೆ ಕೇಳಿ.